ಟೆಸ್ಟ್ ಮುಟ್ಟದ ಕೋಡ್ ಎಲ್ಲಿ ಅಡಗಿದೆ? ಕಬ್ಬಿನ ಬಿಲ್ ಮುಂದಿಟ್ಟುಕೊಂಡು ಹುಡುಕೋಣ

ಓದುಗರ ಪ್ರಶ್ನೆ: ನಾನು ಬೆಳಗಾವಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಕಾಟಾ (ಗಾಡಿ ತೂಗುವ ತಕ್ಕಡಿ) ಮತ್ತು ಬಿಲ್ಲಿನ ಸಾಫ್ಟ್‌ವೇರ್ ಕೊಟ್ಟಿದ್ದೇವೆ. ಪೈಥಾನ್‌ನಲ್ಲಿದೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಕೋಡ್ ಸರಿಯಾದ ಉತ್ತರ ಕೊಡುತ್ತದಾ ಅಂತ ತಾವೇ ಓಡಿ ನೋಡುವ 150 ಟೆಸ್ಟ್ ಇವೆ, ಎಲ್ಲವೂ ಪಾಸ್ ಆಗುತ್ತವೆ. ಆದರೆ ಯಾವ ಕೋಡ್‌ಗೆ ಟೆಸ್ಟ್ ಇದೆ, ಯಾವುದಕ್ಕೆ ಇಲ್ಲ ಅಂತ ಯಾರಿಗೂ ಗೊತ್ತಿಲ್ಲ. ಈ ಹಂಗಾಮಿಗೆ ಮೂರನೇ ಕಾರ್ಖಾನೆ ಬರುತ್ತಿದೆ. "ಎಷ್ಟು ಪರ್ಸೆಂಟ್ ಟೆಸ್ಟ್ ಆಗಿದೆ ಹೇಳು" ಅಂತ ಮಾಲೀಕರು ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಹಂಗಾಮು ಶುರುವಾಗುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ತಪ್ಪಿದ್ದರೆ ಎಷ್ಟೋ ಸಲ ಸ್ಕ್ರೀನ್ ಮೇಲೆ ಏನೂ ಕಾಣಿಸುವುದಿಲ್ಲ. ರೈತನ ಖಾತೆಗೆ ಕಡಿಮೆ ದುಡ್ಡು ಬೀಳುತ್ತದೆ, ಅಷ್ಟೇ. ವರ್ಷವಿಡೀ ಕಾದು ಪಡೆಯುವ ದುಡ್ಡು ಅದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಮಾಧಾನದಿಂದ ಓದಿ.

ನಿಮಗೆ ಮೊದಲು ಬೇಕಾಗಿರುವುದು ಕವರೇಜ್ ಟೂಲ್. ಟೆಸ್ಟ್ ಓಡುವಾಗ ಯಾವ ಸಾಲು ಓಡಿತು, ಯಾವುದು ಓಡಲಿಲ್ಲ ಅಂತ ಅದು ಗುರುತು ಹಾಕಿಕೊಳ್ಳುತ್ತದೆ. ಈ ವಿಚಾರ ಹಳೆಯದು. ಮಿಲ್ಲರ್ ಮತ್ತು ಮಲೋನಿ ಎಂಬಿಬ್ಬರು 1963ರಲ್ಲೇ ಇದರ ಬಗ್ಗೆ ಬರೆದಿದ್ದರು. ಪೈಥಾನ್‌ಗೆ ಕವರೇಜ್ ಡಾಟ್ ಪೈ ಇದೆ. ಜಾವಾದವರು ಜಾಕೊಕೊ ಬಳಸುತ್ತಾರೆ, ಸಿ ಭಾಷೆಯವರು ಜಿಕವ್. ಗೋ ಭಾಷೆಯಲ್ಲಂತೂ ಟೆಸ್ಟ್ ಕಮಾಂಡಿನ ಜೊತೆಗೇ ಬರುತ್ತದೆ. ಟೆಸ್ಟ್ ಓಡಿಸುವ ನಿಮ್ಮ ಪೈಟೆಸ್ಟನ್ನು ಕವರೇಜ್ ಅಡಿಯಲ್ಲಿ ಒಮ್ಮೆ ಓಡಿಸಿ, ಎಚ್‌ಟಿಎಂಎಲ್ ರಿಪೋರ್ಟ್ ತೆಗೆಯಿರಿ. ಓಡಿದ ಸಾಲು ಹಸಿರು, ಓಡದ ಸಾಲು ಕೆಂಪು. ಅರ್ಧ ಗಂಟೆಯ ಕೆಲಸ.

ರಿಪೋರ್ಟ್ ತೆರೆದ ಕೂಡಲೇ ಕಣ್ಣು ಪರ್ಸೆಂಟ್ ಕಡೆ ಹೋಗುತ್ತದೆ. ಅದನ್ನು ಬಿಡಿ. ಫೈಲ್‌ಗಳ ಪಟ್ಟಿ ನೋಡಿ. ನಿಮ್ಮ ಪ್ರಾಜೆಕ್ಟಿನ ಎಲ್ಲ ಫೈಲ್ ಅದರಲ್ಲಿ ಇವೆಯಾ? ಬಹಳ ಜನ ಇಲ್ಲೇ ಎಡವುತ್ತಾರೆ. ಸೋರ್ಸ್ ಫೋಲ್ಡರ್ ಯಾವುದು ಅಂತ ನೀವು ಹೇಳದಿದ್ದರೆ, ಟೆಸ್ಟ್ ಓಡುವಾಗ ಇಂಪೋರ್ಟ್ ಆದ, ಅಂದರೆ ಬೇರೆ ಫೈಲ್ ತನ್ನೊಳಗೆ ಕರೆಸಿಕೊಂಡ, ಫೈಲ್‌ಗಳನ್ನಷ್ಟೇ ಕವರೇಜ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯಾವ ಟೆಸ್ಟೂ ಮುಟ್ಟದ ಫೈಲ್ ಪಟ್ಟಿಯಲ್ಲೇ ಇರುವುದಿಲ್ಲ. ಕೆಂಪಾಗಿಯಾದರೂ ಕಾಣಬೇಕಿದ್ದದ್ದು ಪೂರ್ತಿ ಮಾಯ. ಸೆಟ್ಟಿಂಗ್‌ನಲ್ಲಿ ಸೋರ್ಸ್ ಅಂತ ನಿಮ್ಮ ಫೋಲ್ಡರ್ ಹೆಸರು ಕೊಡಿ. ಆಗ ಮುಟ್ಟದ ಫೈಲ್‌ಗಳೂ ಸೊನ್ನೆ ಪರ್ಸೆಂಟ್ ಅಂತ ಹೊರಗೆ ಬರುತ್ತವೆ. ಯಾವುದಾದರೂ ಫೋಲ್ಡರ್‌ನಲ್ಲಿ ಇನಿಟ್ ಫೈಲ್ (ಈ ಫೋಲ್ಡರ್ ಒಂದು ಪ್ಯಾಕೇಜ್ ಅಂತ ಪೈಥಾನ್‌ಗೆ ಹೇಳುವ ಫೈಲ್) ಇಲ್ಲದಿದ್ದರೆ ಅದನ್ನೂ ಟೂಲ್ ದಾಟಿಹೋಗಬಹುದು, ಒಮ್ಮೆ ಎಣಿಸಿ ನೋಡಿ. ಡಿಸ್ಕಿನಲ್ಲಿ ಎಷ್ಟು ಫೈಲ್ ಇವೆಯೋ ರಿಪೋರ್ಟಿನಲ್ಲೂ ಅಷ್ಟೇ ಇರಬೇಕು. ಇದನ್ನು ಸರಿ ಮಾಡಿದ ದಿನ ಪರ್ಸೆಂಟ್ ದಿಢೀರನೆ ಇಳಿಯುತ್ತದೆ. ಗಾಬರಿ ಬೇಡ. ಕೋಡ್ ಕೆಟ್ಟಿಲ್ಲ, ಲೆಕ್ಕ ಸರಿಯಾಯಿತು.

ಇನ್ನೊಂದು ಮಾತು. ಪೈಥಾನ್‌ನಲ್ಲಿ ಒಂದು ಫೈಲನ್ನು ಸುಮ್ನೆ ಇಂಪೋರ್ಟ್ ಮಾಡಿದರೂ ಅದರ ಮೇಲಿನ ಇಂಪೋರ್ಟ್ ಸಾಲುಗಳು, ಕ್ಲಾಸ್ ಮತ್ತು ಫಂಕ್ಷನ್ ಶುರುವಾಗುವ ಸಾಲುಗಳು ಎಲ್ಲ ಹಸಿರಾಗುತ್ತವೆ. ಒಳಗಿನ ಒಂದು ಲೆಕ್ಕವೂ ನಡೆದಿರುವುದಿಲ್ಲ. ಸಣ್ಣ ಸಣ್ಣ ಫಂಕ್ಷನ್‌ಗಳಿರುವ ಫೈಲ್ ಆದರೆ 30, 40 ಪರ್ಸೆಂಟ್ ಅಂತಲೂ ತೋರಿಸಬಹುದು. "ಪರವಾಗಿಲ್ಲ, ಅರ್ಧಕ್ಕರ್ಧ ಟೆಸ್ಟ್ ಆಗಿದೆ" ಅಂತ ಮುಂದೆ ಹೋಗಬೇಡಿ. ಒಳಗೆ ತೆರೆದು ನೋಡಿ.

ಉಲ್ಟಾ ಆಗುವುದೂ ಉಂಟು. ನಿಮ್ಮ ಕಾಟಾದಿಂದ ತೂಕ ಓದುವ ಕೋಡ್ ಬೇರೆ ಪ್ರೋಸೆಸ್‌ನಲ್ಲಿ ಓಡುತ್ತಿದ್ದರೆ, ಅದಕ್ಕೆ ಟೆಸ್ಟ್ ಇದ್ದರೂ ಕೆಂಪು ಕಾಣಿಸುತ್ತದೆ. ಪ್ರತಿ ಪ್ರೋಸೆಸ್‌ಗೂ ಕವರೇಜ್ ಹಚ್ಚಿ, ಕೊನೆಗೆ ಎಲ್ಲ ಡೇಟಾ ಫೈಲ್‌ಗಳನ್ನು ಒಂದುಗೂಡಿಸಬೇಕು. ಹಾಗೇ "ಇಲ್ಲಿ ಕವರೇಜ್ ಬೇಡ" ಅಂತ ಹಳಬರು ಕಾಮೆಂಟ್ ಬರೆದು ಮುಚ್ಚಿಟ್ಟ ಜಾಗಗಳಿರುತ್ತವೆ. ಅವನ್ನು ಹುಡುಕಿ ಒಂದೊಂದನ್ನೂ ಓದಿ. ಕೆಲವಕ್ಕೆ ಸರಿಯಾದ ಕಾರಣ ಇರುತ್ತದೆ. ಕೆಲವು, ಟೆಸ್ಟ್ ಬರೆಯಲು ಕಷ್ಟ ಅಂತ ಮುಚ್ಚಿದ್ದು.

ಈಗ ಬಿಲ್ಲಿಗೆ ಬರೋಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಹೀಗಿದೆ: ಶೇ. 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1 ಏರಿದಷ್ಟಕ್ಕೂ 3.46 ರೂಪಾಯಿ ಜಾಸ್ತಿ, 0.1 ಇಳಿದಷ್ಟಕ್ಕೂ 3.46 ರೂಪಾಯಿ ಕಡಿಮೆ. ಆದರೆ ಶೇ. 9.5ಕ್ಕಿಂತ ಕೆಳಗೆ ಇಳಿದರೆ ಮತ್ತೆ ಕಡಿತ ಇಲ್ಲ, 329.05 ರೂಪಾಯಿ ಕೊಡಲೇಬೇಕು. ನಿಮ್ಮ ಕೋಡ್‌ನಲ್ಲಿ ಇದು ಹೆಚ್ಚು ಕಡಿಮೆ ಹೀಗಿರುತ್ತದೆ:

ರಿಕವರಿ 9.5ಕ್ಕಿಂತ ಕಡಿಮೆ ಇದ್ದರೆ: ದರ = 329.05
ಅಲ್ಲವಾದರೆ, 10.25ಕ್ಕಿಂತ ಕಡಿಮೆ ಇದ್ದರೆ: ದರ = 355 − (10.25 − ರಿಕವರಿ) ÷ 0.1 × 3.46
ಎರಡೂ ಅಲ್ಲವಾದರೆ: ದರ = 355 + (ರಿಕವರಿ − 10.25) ÷ 0.1 × 3.46

ನಿಮ್ಮ ಈಗಿನ ಎರಡೂ ಕಾರ್ಖಾನೆಗಳ ರಿಕವರಿ 10.25ಕ್ಕಿಂತ ಮೇಲಿದೆ ಅಂತ ಇಟ್ಟುಕೊಳ್ಳಿ. ಆಗ ಟೆಸ್ಟ್ ಬರೆದವರೂ ಅವೇ ಅಂಕಿ ಬಳಸಿರುತ್ತಾರೆ. ಮೊದಲ ಎರಡು ದರಗಳ ಸಾಲು ಕೆಂಪಾಗಿರುತ್ತವೆ. ಟೆಸ್ಟ್‌ನಲ್ಲಿ ಓಡಿಲ್ಲ, ನಿಜವಾದ ಬಿಲ್ಲಿನಲ್ಲೂ ಓಡಿಲ್ಲ. ಅಲ್ಲಿ ಮೈನಸ್ ಬದಲು ಪ್ಲಸ್ ಬರೆದಿದ್ದರೂ ಇಷ್ಟು ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥ ಕೆಂಪು ಸಾಲು ತೋರಿಸಿಕೊಟ್ಟರೆ ಸಾಕು, ಕವರೇಜ್ ಟೂಲ್ ತನ್ನ ಕೆಲಸ ಮಾಡಿದ ಹಾಗೆ. ನೀವು 9.3, 9.75, 10.75 ಅಂತ ಮೂರು ರಿಕವರಿ ಕೊಟ್ಟು ಟೆಸ್ಟ್ ಬರೆಯಿರಿ. ಉತ್ತರ 329.05, 337.70, 372.30 ಬರಬೇಕು. ಈ ಉತ್ತರಗಳನ್ನು ಕೋಡ್‌ನಿಂದ ತೆಗೆದು ಟೆಸ್ಟಿಗೆ ಹಾಕಬೇಡಿ. ಕಾಗದದ ಮೇಲೆ ಲೆಕ್ಕ ಮಾಡಿ ಹಾಕಿ.

ಇನ್ನು, ಕೆಂಪು ಕಾಣದೇ ತಪ್ಪಿಸಿಕೊಳ್ಳುವ ಕೋಡ್. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಕಂಡ ಹೆಚ್ಚಿನ ತೊಂದರೆ ಇಲ್ಲಿಂದಲೇ ಬಂದದ್ದು. ಬಿಲ್ಲಿನಲ್ಲಿ ಹೀಗೊಂದು ಜಾಗ ಇದೆ ಅಂದುಕೊಳ್ಳಿ: ರೈತ ಮುಂಗಡ ತೆಗೆದುಕೊಂಡಿದ್ದರೆ, ಕೈಗೆ ಬರುವ ಮೊತ್ತ = ಬಿಲ್ − ಮುಂಗಡ. ಮುಂದಿನ ಸಾಲಿನಲ್ಲಿ ಆ ಮೊತ್ತವನ್ನು ಪ್ರಿಂಟ್ ಮಾಡು. ಎಲ್ಲ ಟೆಸ್ಟ್‌ನಲ್ಲೂ ರೈತನಿಗೆ ಮುಂಗಡ ಇದೆ. ಎಲ್ಲ ಸಾಲೂ ಓಡಿದವು, ಎಲ್ಲವೂ ಹಸಿರು, ನೂರಕ್ಕೆ ನೂರು. ಮುಂಗಡ ತೆಗೆದುಕೊಳ್ಳದ ರೈತ ಬಂದ ದಿನ? ಕೈಗೆ ಬರುವ ಮೊತ್ತ ಅನ್ನುವುದಕ್ಕೆ ಬೆಲೆಯೇ ಇಲ್ಲ, ಪ್ರೋಗ್ರಾಂ ನಿಂತುಹೋಗುತ್ತದೆ. ಸಾಲಿನ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಬ್ರಾಂಚ್ ಕವರೇಜ್ ಆನ್ ಮಾಡಿದರೆ ಸಿಗುತ್ತದೆ. ಪ್ರತಿ "ಇದ್ದರೆ" ಹತ್ತಿರ ಎರಡು ದಾರಿ ಇರುತ್ತವೆ, ಎರಡರಲ್ಲೂ ಟೆಸ್ಟ್ ಹೋಗಿ ಬಂದಿದೆಯಾ ಅಂತ ಅದು ನೋಡುತ್ತದೆ. ಒಂದೇ ದಾರಿ ತುಳಿದಿದ್ದರೆ ಆ ಸಾಲನ್ನು ಹಳದಿ ಮಾಡುತ್ತದೆ. ಬಿಲ್ ಫೋಲ್ಡರ್‌ನ ಹಳದಿ ಸಾಲುಗಳನ್ನು ಕೆಂಪಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಬ್ರಾಂಚ್ ಇಲ್ಲದೆ ಕವರೇಜ್ ಓಡಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಇದಕ್ಕಿಂತ ಆಳದ ಸಮಸ್ಯೆ ಬೇರೆ ಇದೆ. ಸಾಲು ಓಡಿತು ಅಂದ ಮಾತ್ರಕ್ಕೆ ಅದನ್ನು ಯಾರಾದರೂ ಪರೀಕ್ಷೆ ಮಾಡಿದರು ಅಂತ ಅಲ್ಲ, ಅಲ್ವಾ? ಟೆಸ್ಟ್ ಫಂಕ್ಷನ್ ಕರೆದು, ಬಂದ ಉತ್ತರವನ್ನು ನೋಡದೇ ಬಿಟ್ಟರೂ ಹಸಿರೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ತಡವಾದ ದಿನಗಳಿಗೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ನಿಮ್ಮ ಕೋಡ್‌ನಲ್ಲಿ ಈ ಬಡ್ಡಿಯ ಫಂಕ್ಷನ್ ಇದ್ದೇ ಇರುತ್ತದೆ. ಅದರ ಟೆಸ್ಟ್ ತೆರೆದು ನೋಡಿ. "1 ಲಕ್ಷದ ಬಿಲ್, 30ನೇ ದಿನ ಪಾವತಿ, ಬಡ್ಡಿ ಸೊನ್ನೆಗಿಂತ ಜಾಸ್ತಿ ಇರಬೇಕು" ಅಂತ ಬರೆದಿದ್ದರೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ. ಸರಿಯಾದ ಉತ್ತರ 16 ದಿನದ ಬಡ್ಡಿ, 657 ರೂಪಾಯಿ 53 ಪೈಸೆ. ಯಾರೋ ಕೈತಪ್ಪಿ 14ರ ಜಾಗದಲ್ಲಿ 15 ಬರೆದರೆ 616 ರೂಪಾಯಿ 44 ಪೈಸೆ ಬರುತ್ತದೆ. ಅದೂ ಸೊನ್ನೆಗಿಂತ ಜಾಸ್ತಿಯೇ. ಟೆಸ್ಟ್ ಪಾಸ್, ಸಾಲು ಹಸಿರು, ರೈತನಿಗೆ 41 ರೂಪಾಯಿ ಕಡಿಮೆ. ಸಾವಿರಾರು ರೈತರಿಗೆ ಹೀಗಾದರೆ ಎಷ್ಟಾಯಿತು ಲೆಕ್ಕ ಹಾಕಿ.

ಇಂಥದ್ದನ್ನು ಹಿಡಿಯಲು ಮ್ಯುಟೇಶನ್ ಟೆಸ್ಟಿಂಗ್ ಇದೆ. 1970ರ ದಶಕದಲ್ಲಿ ರಿಚರ್ಡ್ ಲಿಪ್ಟನ್ ಮತ್ತು ಅವರ ಜೊತೆಗಾರರು ಬೆಳೆಸಿದ ವಿಚಾರ. ಟೂಲ್ ತಾನೇ ನಿಮ್ಮ ಕೋಡ್‌ನಲ್ಲಿ ಬೇಕಂತಲೇ ಒಂದು ಸಣ್ಣ ತಪ್ಪು ಹಾಕುತ್ತದೆ: 14 ಅನ್ನು 15 ಮಾಡುತ್ತದೆ, ಪ್ಲಸ್ ತೆಗೆದು ಮೈನಸ್ ಇಡುತ್ತದೆ. ಆಮೇಲೆ ಟೆಸ್ಟ್ ಓಡಿಸುತ್ತದೆ. ಯಾವುದಾದರೂ ಟೆಸ್ಟ್ ಫೇಲ್ ಆದರೆ ಒಳ್ಳೆಯದು. ಎಲ್ಲವೂ ಪಾಸ್ ಆದರೆ ಆ ಜಾಗವನ್ನು ಯಾರೂ ಕಾಯುತ್ತಿಲ್ಲ ಅಂತ ಅರ್ಥ. ಪೈಥಾನ್‌ಗೆ ಮ್ಯುಟ್‌ಮ್ಯುಟ್ ಇದೆ, ಜಾವಾಕ್ಕೆ ಪಿಟ್. ಪ್ರತಿ ತಪ್ಪಿಗೂ ಟೆಸ್ಟ್ ಮತ್ತೆ ಓಡಬೇಕಾದ್ದರಿಂದ ಬಹಳ ಹೊತ್ತು ಹಿಡಿಯುತ್ತದೆ. ಇಡೀ ಪ್ರಾಜೆಕ್ಟಿಗೆ ಹಚ್ಚಬೇಡಿ. ದರದ ಫೈಲ್, ಬಡ್ಡಿಯ ಫೈಲ್, ಕಡಿತದ ಫೈಲ್, ಈ ಮೂರಕ್ಕೆ ರಾತ್ರಿ ಓಡಿಸಿಟ್ಟು ಮನೆಗೆ ಹೋಗಿ.

ಬೆಳಿಗ್ಗೆ ಬಂದು ನೋಡಿದಾಗ ಕೆಲವು ತಪ್ಪುಗಳು ಏನು ಮಾಡಿದರೂ ಸಿಕ್ಕಿಬೀಳುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ದರದ ಲೆಕ್ಕವನ್ನೇ ತೆಗೆದುಕೊಳ್ಳಿ. "9.5ಕ್ಕಿಂತ ಕಡಿಮೆ" ಅನ್ನುವುದನ್ನು ಟೂಲ್ "9.5 ಅಥವಾ ಕಡಿಮೆ" ಅಂತ ಬದಲಿಸುತ್ತದೆ. ಸರಿಯಾಗಿ 9.5ಕ್ಕೆ ಎರಡನೇ ಸಾಲಿನ ಲೆಕ್ಕ ಮಾಡಿ: 7.5 × 3.46 = 25.95. 355ರಲ್ಲಿ ಕಳೆದರೆ 329.05. ಮೊದಲ ಸಾಲೂ ಅದನ್ನೇ ಕೊಡುತ್ತದೆ! ಯಾವ ದಾರಿಯಲ್ಲಿ ಹೋದರೂ ಉತ್ತರ ಒಂದೇ, ಹಾಗಾಗಿ ಯಾವ ಟೆಸ್ಟೂ ಅದನ್ನು ಹಿಡಿಯಲಾರದು, ಹಿಡಿಯಬೇಕಾಗಿಯೂ ಇಲ್ಲ. ಇಂಥವನ್ನು ಗುರುತು ಹಾಕಿ ಬಿಟ್ಟುಬಿಡಿ. ಅಂದ ಹಾಗೆ, ದುಡ್ಡಿನ ಲೆಕ್ಕ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಇದ್ದರೆ ದಯವಿಟ್ಟು ಡೆಸಿಮಲ್‌ಗೆ (ಇದ್ದ ಹಾಗೇ ಇಡುವ ಬಗೆ) ಬದಲಿಸಿ. ಫ್ಲೋಟ್‌ನಲ್ಲಿ ಪೈಸೆ ಅತ್ತಿತ್ತ ಆಗುತ್ತದೆ.

ಯಾವ ಟೂಲಿಗೂ ಸಿಗದ ಒಂದು ಜಾತಿ ಉಳಿಯಿತು: ಬರೆಯಬೇಕಿತ್ತು, ಆದರೆ ಯಾರೂ ಬರೆಯಲೇ ಇಲ್ಲದ ಕೋಡ್. ಇಲ್ಲದ ಸಾಲು ಕೆಂಪಾಗುವುದು ಹೇಗೆ? ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಒಂದು ಕಾರ್ಖಾನೆಗೆ ಇಂಥದ್ದೇ ಸಾಫ್ಟ್‌ವೇರ್ ನೋಡಲು ಹೋಗಿದ್ದೆ. ಕಾಟಾದ ಕೋಡ್ ಬ್ರಾಂಚ್ ಸಮೇತ ಪೂರ್ತಿ ಹಸಿರು. ಕಾಟಾ ರೂಮಿನಲ್ಲಿ ಕ್ಲರ್ಕ್ ಪಕ್ಕ ಒಂದು ರಾತ್ರಿ ಕೂತೆ. ಟೇಬಲ್ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು, ಟ್ರ್ಯಾಕ್ಟರ್ ನಂಬರ್, ತೂಕ ಅಂತ ಗೆರೆ ಎಳೆದು ಪೆನ್ನಿನಲ್ಲಿ ತುಂಬಿದ್ದರು. "ಇದ್ಯಾಕಣ್ಣಾ ಬರೀತೀರಿ?" ಅಂದೆ. "ಹನ್ನೆರಡು ಹೊಡೆದ ಮ್ಯಾಲೆ ಕಂಪ್ಯೂಟರ್ ಹಳೆ ಚೀಟಿ ತೋರಸೂದಿಲ್ರಿ ಸರ" ಅಂದರು.

ತುಂಬಿದ ಗಾಡಿಯ ತೂಕ 11:50ಕ್ಕೆ ಆಗಿದೆ. ಕಬ್ಬು ಇಳಿಸಿ ಖಾಲಿ ಗಾಡಿ ವಾಪಸ್ ಬರುವಷ್ಟರಲ್ಲಿ 12:30. ಕೋಡ್ "ಇವತ್ತಿನ ತಾರೀಖಿನ ಚೀಟಿ ಹುಡುಕು" ಅನ್ನುತ್ತಿತ್ತು. ತಾರೀಖು ಬದಲಾಗಿದೆ, ಚೀಟಿ ಸಿಗಲಿಲ್ಲ. ಅವರು ನೋಟ್‌ಬುಕ್ ನೋಡಿ ಹೊಸ ಚೀಟಿ ಕೈಯಾರೆ ತುಂಬುತ್ತಿದ್ದರು. ಹೊಸ ಚೀಟಿಗೆ ಮರುದಿನದ ತಾರೀಖು. 14 ದಿನದ ಎಣಿಕೆಯೂ ಒಂದು ದಿನ ಮುಂದೆ ಹೋಗುತ್ತಿತ್ತು. ಹಂಗಾಮಿನಲ್ಲಿ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತದೆ ಅಂತ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಎಲ್ಲ ಟೆಸ್ಟ್ ಹಗಲಿನ ಹೊತ್ತಿನವೇ ಆಗಿದ್ದವು. ಆ ನೋಟ್‌ಬುಕ್ಕಿನಲ್ಲಿ ಸಿಕ್ಕಷ್ಟು ಮಾಹಿತಿ ನನಗೆ ಯಾವ ರಿಪೋರ್ಟ್‌ನಲ್ಲೂ ಸಿಕ್ಕಿಲ್ಲ. ನೀವೂ ಒಂದು ರಾತ್ರಿ ಹೋಗಿ ಕೂತು ಬನ್ನಿ. ಸಾಫ್ಟ್‌ವೇರ್ ಪಕ್ಕದಲ್ಲಿ ಯಾರಾದರೂ ಪೆನ್ನು, ಪುಸ್ತಕ ಇಟ್ಟುಕೊಂಡಿದ್ದರೆ ಯಾಕೆ ಅಂತ ಕೇಳಿ.

ಹೋದಾಗ ಇನ್ನೊಂದು ಕೆಲಸ ಮಾಡಬಹುದು. ಟೆಸ್ಟಿಗೆ ಅಂತ ಒಂದು ಬೇರೆ ಮಷೀನಿನಲ್ಲಿ ಸಾಫ್ಟ್‌ವೇರನ್ನು ಕವರೇಜ್ ಅಡಿಯಲ್ಲಿ ಓಡಿಸಿ. ಕ್ಲರ್ಕ್ ದಿನಾ ಮಾಡುವ ಎಂಟ್ರಿಗಳನ್ನು ಅವರ ಕೈಯಿಂದಲೇ ಮಾಡಿಸಿ. ಸ್ವಲ್ಪ ನಿಧಾನವಾಗುತ್ತದೆ, ಮೊದಲೇ ಹೇಳಿಡಿ. ಮುಗಿದ ಮೇಲೆ ಪ್ರೋಗ್ರಾಂ ಸರಿಯಾಗಿ ಮುಚ್ಚಿ, ಬಲವಂತವಾಗಿ ಕೊಂದರೆ ಡೇಟಾ ಉಳಿಯುವುದಿಲ್ಲ. ಈಗ ಎರಡು ರಿಪೋರ್ಟ್ ಆದವು. ಕ್ಲರ್ಕ್ ಬಳಸಿದ್ದಾರೆ, ಆದರೆ ಟೆಸ್ಟ್ ಮುಟ್ಟಿಲ್ಲ ಅನ್ನುವ ಸಾಲುಗಳು ಮೊದಲ ಸರದಿ. ಎರಡರಲ್ಲೂ ಕೆಂಪಾಗಿರುವವು ವರ್ಷಕ್ಕೊಮ್ಮೆ ಓಡುವ ಕೋಡ್ ಇರಬಹುದು, ಇಲ್ಲವೇ ಯಾರಿಗೂ ಬೇಡವಾದ ಸತ್ತ ಕೋಡ್.

ಸತ್ತ ಕೋಡ್ ಅಂತ ತಿಳಿದರೆ ಅದಕ್ಕೆ ಟೆಸ್ಟ್ ಬರೆಯಬೇಡಿ, ತೆಗೆದುಹಾಕಿ. ಬೇಕಾದರೆ ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ ಇದ್ದೇ ಇರುತ್ತದೆ. "ಇದ್ದರೆ ಇರಲಿ ಬಿಡಿ" ಅನ್ನುವವರಿಗೆ ನಾನು ನೈಟ್ ಕ್ಯಾಪಿಟಲ್ ಕಥೆ ಹೇಳುತ್ತೇನೆ. ಅಮೆರಿಕದ ಷೇರು ವಹಿವಾಟಿನ ಕಂಪನಿ. 2003ರಲ್ಲೇ ಬಳಕೆ ನಿಲ್ಲಿಸಿದ ಒಂದು ಕೋಡನ್ನು ಸರ್ವರ್‌ನಲ್ಲಿ ಹಾಗೇ ಬಿಟ್ಟಿದ್ದರು. 2005ರಲ್ಲಿ ಅದರ ಸುತ್ತಲಿನ ಕೋಡ್ ಬದಲಿಸಿದರು, ಆದರೆ ಹಳೆಯದನ್ನು ಮತ್ತೆ ಟೆಸ್ಟ್ ಮಾಡಲಿಲ್ಲ. 2012ರ ಆಗಸ್ಟ್ 1ರಂದು ಹೊಸ ಕೋಡ್ ಚಾಲೂ ಆಯಿತು. 8 ಸರ್ವರ್‌ಗಳಲ್ಲಿ ಒಂದಕ್ಕೆ ಅದನ್ನು ಹಾಕಿರಲಿಲ್ಲ, ಅಲ್ಲಿ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ.

ಇಷ್ಟೆಲ್ಲ ಮಾಡಿದ ಮೇಲೆ ಕೆಂಪು, ಹಳದಿ ಸಾಲುಗಳ ರಾಶಿ ನಿಮ್ಮ ಮುಂದಿರುತ್ತದೆ. ಎಲ್ಲವನ್ನೂ ಹಸಿರು ಮಾಡುತ್ತೇನೆ ಅಂತ ಹೊರಡಬೇಡಿ, ಹಂಗಾಮಿನೊಳಗೆ ಆಗುವುದಿಲ್ಲ. ಗಿಟ್ ಇತಿಹಾಸದಿಂದ ಕಳೆದ ಒಂದು ವರ್ಷದಲ್ಲಿ ಯಾವ ಫೈಲ್ ಎಷ್ಟು ಸಲ ಬದಲಾಗಿದೆ ಅಂತ ಎಣಿಸಿ. ಜಾಸ್ತಿ ಬದಲಾಗುವ, ಜಾಸ್ತಿ ಕೆಂಪಿರುವ, ದುಡ್ಡಿಗೆ ಅಥವಾ ತೂಕಕ್ಕೆ ಸಂಬಂಧಪಟ್ಟ ಫೈಲ್‌ಗಳನ್ನು ಮೇಲಕ್ಕೆ ತನ್ನಿ. ಐದಾರು ಉಳಿಯುತ್ತವೆ. ರಿಪೋರ್ಟ್ ಪ್ರಿಂಟ್ ಮಾಡುವ, ಬಣ್ಣ ಬದಲಿಸುವ ಕೋಡ್ ಕೆಂಪಾಗಿದ್ದರೆ ಇರಲಿ.

ಆ ಐದಾರು ಫೈಲ್‌ಗಳಿಗೆ ಹೊಸದಾಗಿ ಟೆಸ್ಟ್ ಬರೆಯುವುದು ಕಷ್ಟ, ಬರೆದವರು ಇಲ್ಲವಲ್ಲ. ಹೋದ ಹಂಗಾಮಿನ 200 ನಿಜವಾದ ಬಿಲ್ ತೆಗೆದುಕೊಳ್ಳಿ. ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಅಳಿಸಿ. ಅದೇ ಮಾಹಿತಿಯನ್ನು ಕೋಡ್‌ಗೆ ಕೊಟ್ಟು, ಬಂದ ಉತ್ತರವನ್ನು ಬರೆದಿಟ್ಟುಕೊಂಡು, ಇನ್ನು ಮುಂದೆ ಇದು ಬದಲಾದರೆ ಕೂಗು ಅಂತ ಟೆಸ್ಟ್ ಮಾಡಿ. ಒಂದೇ ಸಲಕ್ಕೆ ಬಹಳಷ್ಟು ಕೆಂಪು ಹಸಿರಾಗುತ್ತದೆ. ಆದರೆ ಹಳೆಯ ಕೋಡ್‌ನಲ್ಲಿ ತಪ್ಪಿದ್ದರೆ ಆ ತಪ್ಪೂ ಸರಿ ಅಂತ ಟೆಸ್ಟಿನಲ್ಲಿ ಕೂತಿರುತ್ತದೆ. ಅದಕ್ಕೇ ಬಿಲ್‌ಗಳನ್ನು ಆರಿಸುವಾಗ ಬಗೆಬಗೆಯವು ಇರಲಿ: ಮುಂಗಡ ಇದ್ದದ್ದು, ಇಲ್ಲದ್ದು, ತಡವಾಗಿ ಪಾವತಿಯಾದದ್ದು, ರಾತ್ರಿ ಪಾಳಿಯದ್ದು. ಅದರಲ್ಲಿ 20 ಬಿಲ್ ಹಿಡಿದುಕೊಂಡು ಕಾರ್ಖಾನೆಯ ಲೆಕ್ಕಪತ್ರದವರ ಹತ್ತಿರ ಹೋಗಿ, ಕೈಯಲ್ಲಿ ಲೆಕ್ಕ ಮಾಡಿಸಿ ತಾಳೆ ನೋಡಿ.

ಮಾಲೀಕರ ಪ್ರಶ್ನೆ ಉಳಿಯಿತು. ಇಡೀ ಪ್ರಾಜೆಕ್ಟಿಗೆ ಒಂದೇ ಪರ್ಸೆಂಟ್ ಹೇಳಬೇಡಿ. ಒಂದು ಅಂಕಿ ಕೊಟ್ಟರೆ ಮುಂದಿನ ತಿಂಗಳು ಅದನ್ನು ಏರಿಸು ಅನ್ನುತ್ತಾರೆ, ಏರಿಸಲು ಸುಲಭದ ಕೋಡ್‌ಗೆ ಸುಮ್ನೆ ಟೆಸ್ಟ್ ಬರೆಯುತ್ತೀರಿ, ಬಡ್ಡಿಯ ಫೈಲ್ ಹಾಗೇ ಉಳಿಯುತ್ತದೆ. ಬಿಲ್ ಫೋಲ್ಡರ್‌ನ ಬ್ರಾಂಚ್ ಕವರೇಜ್ ಎಷ್ಟು, ಕಾಟಾ ಫೋಲ್ಡರ್‌ನದು ಎಷ್ಟು ಅಂತ ಬೇರೆ ಬೇರೆ ಹೇಳಿ, ಜೊತೆಗೆ ಟೆಸ್ಟ್ ಆಗದ ಜಾಗಗಳ ಹೆಸರು ಕೊಡಿ: "ಕಡಿಮೆ ರಿಕವರಿಯ ದರ ಟೆಸ್ಟ್ ಆಗಿಲ್ಲ, ಎರಡು ದಿನ ಬೇಕು." ಅದು ಅವರಿಗೂ ಅರ್ಥವಾಗುತ್ತದೆ. ಇನ್ನು ಮುಂದೆ ಬದಲಿಸುವ ಸಾಲುಗಳಿಗೆ ಮಾತ್ರ ಡಿಫ್ ಕವರ್ ಅನ್ನುವ ಟೂಲ್ ಹಚ್ಚಿಡಿ. ಹೊಸ ಸಾಲು ಟೆಸ್ಟ್ ಇಲ್ಲದೆ ಒಳಗೆ ಬಂದರೆ ಅದು ತಡೆಯುತ್ತದೆ.

ಮತ್ತೆ, ಹೊಸ ಕಾರ್ಖಾನೆಯ ರಿಕವರಿ ಎಷ್ಟು ಅಂತ ಇವತ್ತೇ ಫೋನ್ ಮಾಡಿ ಕೇಳಿಕೊಳ್ಳಿ. 10.25ಕ್ಕಿಂತ ಕಡಿಮೆ ಅಂದರೆ ಬೇರೆಲ್ಲ ಆಮೇಲೆ, ದರದ ಆ ಎರಡು ಕೆಂಪು ಸಾಲುಗಳಿಂದಲೇ ಶುರು ಮಾಡಿ.